ಮೊಹರು ಮಾಡಿದ ಲಕೋಟೆ

ರಾಜ್ಯದ ಭದ್ರತಾ ಕಾಯ್ದೆಯನ್ನು ಬರೆದವರು ಅವರೇ. ಆ ಕಾಯ್ದೆಯಲ್ಲಿ ಸಿಕ್ಕವರನ್ನು ಬಿಡಬೇಕೇ ಬೇಡವೇ ಎಂದು ಹೇಳುವ ಮಂಡಳಿಯ ಅಧ್ಯಕ್ಷರೂ ಅವರೇ. ಪೊಲೀಸರು ಮೊಹರು ಮಾಡಿ ಕೊಟ್ಟ ಲಕೋಟೆಯನ್ನು ಅಧ್ಯಕ್ಷರಲ್ಲದೆ ಬೇರೆ ಯಾರೂ ಓದಕೂಡದೆಂಬ ನಿಯಮವೂ ಅವರದೇ. ಇಪ್ಪತ್ತು ವರ್ಷಗಳಲ್ಲಿ ಆ ನ್ಯಾಯಮೂರ್ತಿಗಳು ಒಬ್ಬನನ್ನೂ ಬಿಟ್ಟಿರಲಿಲ್ಲ. ಇಂಥ ದೊಡ್ಡವರ ಮುಂದೆ ಬಸಲಿಂಗವ್ವ ಕೈಮುಗಿದು ನಿಂತಿದ್ದಳು. ಶಾಲಾ ಮಾಸ್ತರನಾಗಿದ್ದ ಅವಳ ಮಗ ಆರು ತಿಂಗಳಿಂದ ಜೈಲಿನಲ್ಲಿದ್ದ.

“ನನ್ನ ಮಗ ಏನ್ ತಪ್ಪು ಮಾಡ್ಯಾನ್ರೀ ಸಾಹೇಬ್ರ?”

“ಅದನ್ನ ಹೇಳಲಿಕ್ಕೆ ಬರೂದಿಲ್ಲವ್ವಾ. ಎಲ್ಲಾ ಈ ಲಕೋಟೆಯೊಳಗ ಅದ.”

“ನೀವು ಓದೀರೇನ್ರೀ?”

“ಒಂದಲ್ಲ, ಎರಡು ಸಲ ಓದೀನಿ. ಓದಿದ ಮ್ಯಾಲೆ ನನಗ ಊಟ ಸೇರಲಿಲ್ಲ. ಒಳಗಿದ್ದದ್ದು ನಿನಗ ಗೊತ್ತಾದ್ರ, ಹೆತ್ತವಳು ನೀನೇ ಅವನ ಮಾರಿ ನೋಡೂದಿಲ್ಲ.”

ಬಸಲಿಂಗವ್ವ ಕೊರಳಿನ ಲಿಂಗವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇಷ್ಟು ಓದಿದ ಮನುಷ್ಯ ಸುಳ್ಳು ಹೇಳಿಯಾನೆ? ಆರು ತಿಂಗಳು ಮಗನ ಮೇಲೆ ಇಟ್ಟುಕೊಂಡಿದ್ದ ನಂಬಿಕೆ ಆಗ ಮೊದಲ ಸಲ ಅಲುಗಿತು.

“ಹಂಗಿದ್ರ ಅಲ್ಲೇ ಇರಲಿ ಬಿಡ್ರಿ. ಅವನ್ನ ಶಿವ ನೋಡ್ಕೋತಾನ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ನ್ಯಾಯಮೂರ್ತಿಗಳು ಇನ್ನೂ ಆರು ತಿಂಗಳ ಬಂಧನಕ್ಕೆ ಸಹಿ ಹಾಕಿದರು. ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಏದುಸಿರು ಬಿಡುತ್ತ ಬಂದು ಮೇಜಿನ ಮೇಲೆ ಮತ್ತೊಂದು ಲಕೋಟೆ ಇಟ್ಟ.

“ತಪ್ಪಾತ್ರೀ ಸರ್. ಆ ಮಾಸ್ತರನ ಕಾಗದ ಇದರಾಗ ಅದಾವ್ರೀ. ಮೊನ್ನೆ ಕೊಟ್ಟದ್ದರಾಗ ಇರೂದು ನಮ್ಮ ಇಲಾಖೆಯವರು ನಿಮಗ ಬರೆಸಿದ ಸನ್ಮಾನ ಪತ್ರ!”