ಪೆಡಲ್ ಒತ್ತಿದವರು

"ಒಬ್ನೇ ಮಾಡ್ದೆ" ಎಂದ ಸದಾಶಿವ. ಸುಳ್ಳು ಎಂದು ಅವನ ಹೆಂಡತಿ ಶಾಂತಕುಮಾರಿಗೆ ಆ ಕ್ಷಣವೇ ಗೊತ್ತಾಯಿತು.

ನೊಣವಿನಕೆರೆ ಆಸ್ಪತ್ರೆಗೆ ಹೋದವಳು ಸಂಜೆ ಬಸ್ಸಿಗೆ ಬರಬೇಕಿತ್ತು. ಏಳು ತಿಂಗಳ ಹೊಟ್ಟೆ ನೋಡಿ ಡಾಕ್ಟರಮ್ಮ ಮೊದಲೇ ಕರೆದಿದ್ದರಿಂದ ಹನ್ನೆರಡಕ್ಕೇ ಬಂದಿಳಿದಿದ್ದಳು. ಬೇಲಿಯ ಬಳಿಯೇ ಪಕ್ಕದ ಮನೆ ಗಂಗಕ್ಕ ತಡೆದಳು.

"ನೀನು ಬಸ್ಸು ಹತ್ತಿದ್ದೇ ತಡ, ನಿನ್ ಗಂಡನ ಕಾರಲ್ಲಿ ಯಾರೋ ಬಂದು ಕೂತ್ರು ಕಣೇ. ಮಕ ಕಾಣ್ಲಿಲ್ಲ. ಬೆಳ್ಳನೆ ಬಟ್ಟೆ. 'ಒತ್ತು, ಹಿಡ್ಕೋ, ಬುಡು' ಅಂತ ಒಂದೇ ಸಮ ಮಾತು. ನಂಗ್ಯಾಕಪ್ಪಾ ಕಂಡೋರ್ ಇಚಾರ!"

ಅಂಗಳದ ತೆಂಗಿನ ನೆರಳಲ್ಲಿ ಕಾರು ನಿಂತಿತ್ತು. ಸದಾಶಿವನ ಹಳೇ ಟ್ಯಾಕ್ಸಿ. ಹೋದ ವಾರ ಕಿಬ್ಬನಹಳ್ಳಿಯಲ್ಲಿ ಬ್ರೇಕು ಹಿಡಿಯದೆ, ಕೊಬ್ಬರಿ ಗಾಡಿಯೊಂದಕ್ಕೆ ಗೇಣು ದೂರದಲ್ಲಿ ಹೇಗೋ ನಿಂತಿತ್ತು. ಚಕ್ರಗಳಿಗೆ ಹೊಸ ಬ್ರೇಕ್ ಸಿಲಿಂಡರ್ ಹಾಕಿದ್ದಾಗಿತ್ತು. ಬ್ರೇಕ್ ಆಯಿಲ್ ಪೈಪಿನೊಳಗಿನ ಗಾಳಿ ತೆಗೆಯುವುದೊಂದು ಬಾಕಿ.

ಅದಕ್ಕೆ ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಬಳಿ ನಿಪ್ಪಲ್ ಎಂಬ ಪುಟ್ಟ ತಿರುಪನ್ನು ಸಡಿಲಿಸಬೇಕು. ಬ್ರೇಕ್ ಆಯಿಲ್ ಜೊತೆ ಗಾಳಿ ಗುಳ್ಳೆಗುಳ್ಳೆಯಾಗಿ ಸೀಸೆಗೆ ಬೀಳುತ್ತದೆ. ಮತ್ತೆ ಬಿಗಿದ ಮೇಲೆಯೇ ಕಾಲು ಬಿಡಬೇಕು. ಮೊದಲೇ ಬಿಟ್ಟರೆ ಗಾಳಿ ವಾಪಸು ಹೊಕ್ಕು, ಮಾಡಿದ್ದೆಲ್ಲ ಮಣ್ಣು. ಮೆಕ್ಯಾನಿಕ್ ಏಕಾಂತಯ್ಯನ ಮಗಳಾದ ಶಾಂತಕುಮಾರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

"ಮೂರು ಚಕ್ರ ಮುಗುದಾವೆ. ಒಳಗೊಂದು ಕಾಲು, ಹೊರಗೊಂದು ಕೈ. ನಿಮ್ ಕಾಲು ಅಷ್ಟುದ್ದಾನೇನ್ರೀ?"

"ಈ ಸದಾಶಿವ ಒಬ್ಬ ಬಂದ್ರೆ ಹತ್ತು ಜನ ಬಂದಂಗೆ!" ಟೂರಿಂಗ್ ಟಾಕೀಸಿನಲ್ಲಿ ಕಲಿತ ವರಸೆ. ಎದೆಯನ್ನೂ ತಟ್ಟಿಕೊಂಡ. ಆದರೆ ಕಾರಿನ ಹಿಂಬಾಗಿಲಿಗೆ ಬೆನ್ನು ಕೊಟ್ಟು ನಿಂತವನು ಕದಲಲಿಲ್ಲ.

ಬಾನೆಟ್ಟಿನ ಮೇಲೆ ಎರಡು ಕಾಫಿ ಲೋಟ.

"ಎರಡೂ ನಾನೇ ಕುಡ್ದೆ. ಬಿಸ್ಲು ನೋಡು."

ಅವಳು ಮುಂಬಾಗಿಲು ತೆಗೆದಳು. ಸೀಟು ಸ್ಟೇರಿಂಗಿಗೆ ಅಂಟುವಷ್ಟು ಮುಂದೆ ಬಂದಿತ್ತು. ಆರಡಿ ಗಂಡನ ಮೊಣಕಾಲು ಅಲ್ಲಿ ಹಿಡಿಸುವ ಮಾತೇ ಇಲ್ಲ. ಕೂತದ್ದು ಯಾರೋ ಕುಳ್ಳಗಿನವರು.

"ಶಾಂತಾ, ಬೇಕಾದ್ರೆ ಈ ಎದೆ ಬಗೆದು ನೋಡು..."

"ಎದೆ ಆಮೇಲೆ ಬಗೀತೀನಿ. ಮೊದ್ಲು ಈ ಸೀಟು ಯಾರು ಎಳುದ್ರು ಹೇಳ್ರೀ."

ಅವನು ಹಿಂಬಾಗಿಲಿಗೆ ಇನ್ನಷ್ಟು ಒತ್ತಿ ನಿಂತ.

ಇವನಿಗಾಗಿಯೇ ಎರಡು ವರ್ಷದ ಹಿಂದೆ ಹೇಳದೆ ಕೇಳದೆ ಬಂದು ತಾಳಿ ಕಟ್ಟಿಸಿಕೊಂಡಿದ್ದಳು. 'ಆ ಸಿನಿಮಾ ಹುಚ್ಚನ ಮನೆ ಹೊಸಿಲು ಸತ್ತರೂ ತುಳಿಯಲ್ಲ' ಎಂದಿದ್ದ ಅಪ್ಪ. ಆಡಿದ ಮಾತು ತಪ್ಪುವ ಆಸಾಮಿಯಲ್ಲ. ಇವನೂ ಮೋಸಗಾರನಾದರೆ, ಹೊಟ್ಟೆಯಲ್ಲಿರುವುದನ್ನು ಹೊತ್ತು ಹೋಗಲು ಅವಳಿಗೆ ಬೇರೆ ಮನೆಯಿಲ್ಲ.

ಸೆರಗು ಸಿಕ್ಕಿಸಿ ಕೂರಲು ಹೋದಳು. ಹೊಟ್ಟೆ ತಾಗಿತು. ಸೀಟನ್ನು ಹಿಂದಕ್ಕೆ ತಳ್ಳಿದಳು. ಹಿಂದೆ ಹರಡಿದ್ದ ಗೋಣಿಚೀಲಗಳಿಗೆ ತಗುಲಿ ಅರ್ಧಕ್ಕೇ ನಿಂತಿತು.

"ಒಂದು ಚಕ್ರ ಉಳುದೈತಲ್ಲ, ನಾನೊತ್ತೀನಿ. ನಡೀರಿ."

"ಬ್ಯಾಡ ಕಣೇ, ಅಲ್ಲಿ..."

"ನಡೀರಿ!"

ಅವನು ಹಿಂದಿನ ಸೀಟಿನ ಕಡೆ ಒಮ್ಮೆ ನೋಡಿ, ಮುಂದಿನ ಚಕ್ರದ ಬಳಿ ಮಂಡಿಯೂರಿದ.

"ಒತ್ತು."

ಒತ್ತಿದಳು.

"ಹಿಡ್ಕೋ."

ಸ್ಪಾನರ್ ತಿರುಗಿತು. ಪೆಡಲ್ ಮೆಲ್ಲಗೆ ಇಳಿಯಿತು. ಸೀಸೆಯಲ್ಲಿ ಗುಳ್ಳೆ ಎದ್ದವು.

"ಈಗ ಹೇಳ್ರಿ. ಇಲ್ಲಿ ಯಾರು ಕೂತಿದ್ರು?"

"ಮಾತು ಕೊಟ್ಟಿದೀನಿ ಶಾಂತಾ. ಪ್ರಾಣ ಹೋದ್ರೂ ಹೇಳಂಗಿಲ್ಲ."

"ಹಂಗಾದ್ರೆ ಬುಡ್ತೀನಿ ಕಣ್ರೀ. ಈ ಕಾಲೂ ಬುಡ್ತೀನಿ, ಈ ಮನೇನೂ ಬುಡ್ತೀನಿ!"

"ಬುಡಬ್ಯಾಡ ಕಣವ್ವಾ! ಅವ್ನಿನ್ನೂ ಬಿಗಿದಿಲ್ಲ!"

ದನಿ ಅವಳ ಬೆನ್ನ ಹಿಂದಿನಿಂದ ಬಂದಿತ್ತು. ಗೋಣಿಚೀಲವೊಂದು ಎದ್ದು ಕೂತಿತು. ಚೀಲ ಜಾರಿತು. ಕುಳ್ಳ ಮೈ, ಬಿಳೀ ಪಂಚೆ, ತಲೆ ತುಂಬ ತೆಂಗಿನ ನಾರು.

ಶಾಂತಕುಮಾರಿ ಕಾಲು ತೆಗೆಯಲಿಲ್ಲ. ಕಣ್ಣು ಮಾತ್ರ ತುಂಬಿಕೊಂಡವು.

"ಬಿಗಿಯೋ ಹೀರೋ!" ಎಂದು ಅಳಿಯನನ್ನು ಗದರಿದ ಏಕಾಂತಯ್ಯ, ಮಗಳ ಮುಖ ನೋಡದೆ ಗೊಣಗಿದ: "ಹೊಸಿಲು ತುಳಿಯಲ್ಲ ಅಂದಿದ್ದೆ, ತುಳ್ದಿಲ್ಲ. ಕಾರಿಗೆಲ್ಲೈತೆ ಹೊಸಿಲು?"