ಗೋಡೆಯ ಮೇಲಿನ ಮದುವೆಗಳು

ಜಪಾನಿನಲ್ಲಿ ದಾದಿಯಾಗಿದ್ದ ಮಗಳು ವಿನುತಾ, ಯಾರೂ ಅಷ್ಟಾಗಿ ಹೋಗದ ಸಣ್ಣ ಗುಡಿಗಳ ಹಳೆಯ ಚಿತ್ರಗಳನ್ನು ತೋರಿಸುತ್ತೇನೆಂದು ಕಮಲಾಕ್ಷಮ್ಮನವರನ್ನು ಹೊರಡಿಸಿಕೊಂಡು ಬಂದಿದ್ದಳು. ಬೆಳಗಿನಿಂದ ಬಸ್ಸಿನಲ್ಲಿ ಅಮ್ಮನದು ಒಂದೇ ರಾಗ.

"ನಾನು ಕಣ್ಮುಚ್ಚೋದ್ರೊಳಗೆ ನಿನ್ನ ಮದುವೆ ನೋಡ್ಬೇಕು ಕಣೇ."

"ನಲವತ್ತು ದಾಟ್ತಮ್ಮ. ಇನ್ನಾದ್ರೂ ಬಿಟ್ಬಿಡು."

ಬೆಟ್ಟದ ಮೇಲಿನ ಕೊನೆಯ ಗುಡಿಯೊಳಗೆ ಕಾಲಿಟ್ಟವರೇ ಕಮಲಾಕ್ಷಮ್ಮ ಬೆರಗಾಗಿ ನಿಂತರು. ಗೋಡೆಯ ತುಂಬ ಮರದ ಹಲಗೆಗಳ ಮೇಲೆ ಬರೆದ ಮದುವೆಯ ಚಿತ್ರಗಳು. ಬಿಳಿ ಕಿಮೋನೊದ ವಧು, ಕಪ್ಪು ಕಿಮೋನೊದ ವರ. ಎಲ್ಲರೂ ಎಳೆಯರು.

"ಮದುವೆಯಾಗ್ಲಿ ಅಂತ ಹರಕೆ ಹೊತ್ತು ಬರೆಸ್ತಾರೆ ಅನ್ನು! ದೇವರೇ ನನ್ನನ್ನ ಇಲ್ಲಿಗೆ ಕರೆಸ್ಕೊಂಡ."

"ನಂಗೂ ಗೊತ್ತಿಲ್ಲಮ್ಮ, ಕೇಳ್ತೀನಿ ಇರು" ಎಂದು ವಿನುತಾ ಹೇಳುವಷ್ಟರಲ್ಲಿ ಅವರು ಪರ್ಸಿನಿಂದ ಫೋಟೊ ತೆಗೆದಾಗಿತ್ತು. ಗಂಡಿನ ಕಡೆಯವರಿಗೆ ತೋರಿಸಿ ತೋರಿಸಿ ಅಂಚು ಸವೆದಿದ್ದ ಮಗಳ ಫೋಟೊ. ರೇಷ್ಮೆ ಸೀರೆ, ಜಡೆ ತುಂಬ ಮಲ್ಲಿಗೆ, ಇಪ್ಪತ್ತರ ನಗು. ಚಿತ್ರದಲ್ಲಿ ವಧು ಹೀಗೇ ಇರಲಿ ಎಂದು ಸನ್ನೆ ಮಾಡಿ, ಅಲ್ಲೇ ನಿಂತಿದ್ದ ಗುಡಿಯ ಅರ್ಚಕರ ಕೈಗಿಟ್ಟರು.

ಅರ್ಚಕರು ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ತಲೆಬಾಗಿ ನಿಂತರು. ಆಮೇಲೆ ನರೆತ ಕ್ರಾಪಿನ, ದಪ್ಪ ಕನ್ನಡಕದ ವಿನುತಾಳ ಕಡೆ ತಿರುಗಿ ಮೆತ್ತಗೆ ಏನೋ ಕೇಳಿದರು.

"ಏನಂತೆ? ಬರೆದುಕೊಡ್ತಾರಂತಾ?"

"ಮದುವೆಯಾಗದೆ ಸತ್ತವರಿಗೆ ಮಾತ್ರ ಇಲ್ಲಿ ಚಿತ್ರ ಬರೆಸೋದಂತಮ್ಮ. 'ನಿಮ್ಮ ತಂಗಿ ತೀರಿಕೊಂಡು ಎಷ್ಟು ವರ್ಷ ಆಯ್ತು' ಅಂತ ಕೇಳ್ತಿದಾರೆ."