ಮಣಿಕಟ್ಟಿನ ಬಿಳಿ ದಾರ

ಮೊಮ್ಮಗಳ ಜ್ವರಕ್ಕೆ ಮಾತ್ರೆ ಮುರಿದಾಗ ಬರುವ ಸುಣ್ಣದಂಥ ವಾಸನೆ ನನ್ನನ್ನು ದಾವಣಗೆರೆಯ ಹಳೆಯ ಮನೆಯ ಪಡಸಾಲೆಗೆ ಒಯ್ಯುತ್ತದೆ.

ಚಿಕ್ಕಂದಿನ ಒಂದು ಮಧ್ಯಾಹ್ನ ನಾನು ಅಲ್ಲಿ ಜ್ವರದಿಂದ ಕಂಬಳಿ ಹೊದ್ದು ಮಲಗಿದ್ದೆ. ಅಮ್ಮ ಗಂಜಿ ಕುಡಿಸಿ, ಡಾಕ್ಟರು ಹೇಳಿದ್ದ ಅರ್ಧ ಗುಳಿಗೆಯನ್ನು ಜೇನಿನಲ್ಲಿ ತೇಯ್ದು ನೆಕ್ಕಿಸಿದಳು. ಮಣಿಕಟ್ಟಿಗೊಂದು ಹತ್ತಿಯ ದಾರ ಕಟ್ಟಿ, ಬಟ್ಟೆ ಒಗೆಯಲು ಹಿತ್ತಲಿಗೆ ಹೋದಳು.

ಅಷ್ಟರಲ್ಲಿ ಹರಿಹರದಿಂದ ಚಿಕ್ಕಪ್ಪ ಬಂದ. ನನ್ನ ಹಣೆ ಮುಟ್ಟಿ ಗಾಬರಿಯಾದ.

"ಕೂಸು ಕೆಂಡ ಆಗೈತೆ, ಇವ್ರು ದಾರ ಕಟ್ಟಿ ಕುಂತಾರೆ!" ಎಂದು ಅದನ್ನು ಕಿತ್ತೆಸೆದು, ಜೇಬಿನಿಂದ ಗುಳಿಗೆ ತೆಗೆದು ನನ್ನ ಬಾಯಿಯ ಹತ್ತಿರ ತಂದ.

ಅಜ್ಜಿ ಅಡುಗೆಮನೆಯಿಂದ ಓಡಿಬಂದು ಮಗನ ಕೈ ಹಿಡಿದಳು. "ಬ್ಯಾಡಲೇ! ಅದು ಮಂತ್ರದ ದಾರ ಅಲ್ಲ, ಗುಳಿಗೆ ಕೊಟ್ಟಾಗೈತೆ ಅನ್ನೋ ಗುರುತು. ಮನೆ ತುಂಬ ಹೆಂಗಸ್ರು. ಒಬ್ರು ಕೊಟ್ಟಿದ್ದು ಇನ್ನೊಬ್ರಿಗೆ ತಿಳೀಬೇಕಲ್ಲ?"

"ಇದು ಬ್ಯಾರೆ ಗುಳಿಗೆ ಅವ್ವ, ಸುತ್ತಿದ ಕಾಗದ ನೋಡು, ಕೆಂಪು" ಎಂದ ಚಿಕ್ಕಪ್ಪ.

"ಅಂಗಿ ಬದಲಿಸಿದ್ರೆ ನೀನು ಬ್ಯಾರೆ ಆಗ್ತೀಯೇನು? ಡಾಕ್ಟ್ರನ್ನ ಕೇಳದೆ ಬ್ಯಾಡ."

ಚಿಕ್ಕಪ್ಪ ದಾರ ಹುಡುಕಿ ತಾನೇ ಮತ್ತೆ ಕಟ್ಟಿದ. ಆಮೇಲೆ ತನಗೂ ತಲೆನೋವೆಂದು ಆ ಗುಳಿಗೆ ನುಂಗಲು ಹೊರಟ. ಅಜ್ಜಿ ಮೊದಲು ರೊಟ್ಟಿ ತಿನ್ನಿಸಿದಳು. ಅವನು ಗುಳಿಗೆ ನುಂಗಿದ್ದೇ ತಡ, ಅವನ ಕೈಗೂ ದಾರ ಸುತ್ತಿದಳು.

"ನಂಗ್ಯಾಕವ್ವ?"

"ಮನೆಗೆ ಹೋಗಿ ತಲೆನೋವು ಅಂದ್ರೆ ನಿನ್ನ ಹೆಂಡ್ತೀನೂ ಒಂದು ಕೊಟ್ಟಾಳು."

ಸಂಜೆ ರೈಲಿಗೆ ಹೊರಟಾಗ ಚಿಕ್ಕಪ್ಪ ಅಂಗಿಯ ತೋಳಿಳಿಸಿ ದಾರ ಮುಚ್ಚಿಕೊಂಡ. ಅಜ್ಜಿ ಬಾಗಿಲವರೆಗೆ ಹೋಗಿ ಆ ತೋಳನ್ನು ಮತ್ತೆ ಮಡಚಿದಳು.